ನಾಲ್ಕು ಬೆರಳಿನ ಸಂದಿ: ಭೂಕಂಪ ಬಂದರೆ ಅಕ್ಕಪಕ್ಕದ ಕಟ್ಟಡಗಳು ಗುದ್ದಾಡುವುದೇಕೆ?

2025ರ ಕೊನೆಯಲ್ಲಿ ಮನೆ ಕಟ್ಟುವವರ ಕಿವಿಗೆ ಎರಡು ಸುದ್ದಿ ಹಿಂದೆಮುಂದೆ ಬಿದ್ದವು. 1,200 ಚದರ ಅಡಿವರೆಗಿನ ಸೈಟಿನಲ್ಲಿ ಕಟ್ಟಿದ ಮನೆಗಳಿಗೆ ಓಸಿ, ಅಂದರೆ ಪ್ಲಾನಿನಂತೆ ಕಟ್ಟಿದ್ದಾರೆ ಎಂದು ನೋಡಿ ಕೊಡುವ ಸ್ವಾಧೀನಾನುಭವ ಪತ್ರ, ಬೇಡ ಎಂದು ರಾಜ್ಯ ಸರ್ಕಾರ ತೀರ್ಮಾನಿಸಿತು. ಆ ಪತ್ರ ಇಲ್ಲದೆ ಕರೆಂಟ್ ಸಂಪರ್ಕ ಸಿಗದೆ ಕಾದು ಕೂತವರು ನಿರಾಳವಾಗಿ ಉಸಿರು ಬಿಟ್ಟರು. ಅದಾದ ಮೇಲೆ, ನವೆಂಬರ್‌ನಲ್ಲಿ, ಭಾರತೀಯ ಮಾನಕ ಬ್ಯೂರೋ ದೇಶದ ಹೊಸ ಭೂಕಂಪ ನಕ್ಷೆಯನ್ನು ಹೊರತಂದಿತು. ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಅಪಾಯದ ಆರನೇ ವಲಯ ಎಂಬುದೊಂದು ಹೊಸದಾಗಿ ಕಾಣಿಸಿಕೊಂಡಿತು. ಹಿಮಾಲಯ ಪೂರ್ತಿ ಅದರೊಳಗೆ ಹೋಯಿತು.

ಮಾನಕ ಬ್ಯೂರೋದವರು ಭೂಕಂಪದ ಬಗ್ಗೆ ಇನ್ನೂ ಎಚ್ಚರ ಬೇಕು ಅನ್ನುತ್ತಾರೆ. ಸರ್ಕಾರದವರು ಕಟ್ಟಿದ್ದನ್ನು ಅಳೆದು ನೋಡುವ ಒಂದು ಹಂತವನ್ನೇ ಬಿಡುತ್ತಾರೆ. ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಮೂವತ್ತು ನಲವತ್ತರ ಸೈಟು ಇಟ್ಟುಕೊಂಡವರು ಯಾವುದನ್ನು ನಂಬಬೇಕು? ಈ ಗೊಂದಲದಲ್ಲಿ ಹೆಚ್ಚಿನ ಮಾತು ನಕ್ಷೆಯ ಬಣ್ಣದ ಮೇಲೆಯೇ ಹೋಯಿತು. "ನಮ್ಮೂರು ಯಾವ ವಲಯ?" ಎಂಬ ಪ್ರಶ್ನೆ ಎಲ್ಲರಿಗೂ ಬಂತು. "ನಮ್ಮ ಗೋಡೆಗೂ ಪಕ್ಕದವರ ಗೋಡೆಗೂ ನಡುವೆ ಎಷ್ಟು ಜಾಗ ಇದೆ?" ಎಂದು ಕೇಳಿದವರು ಕಡಿಮೆ. ನಮ್ಮಂಥ ಊರಿಗೆ ಎರಡನೆಯ ಪ್ರಶ್ನೆಯೇ ಜಾಸ್ತಿ ಮುಖ್ಯ. ಏಕೆಂದರೆ ಅದಕ್ಕೆ ಉತ್ತರ ಮನೆ ಕಟ್ಟುವವರ ಕೈಯಲ್ಲೇ ಇದೆ.

ನಕ್ಷೆ ಎಷ್ಟು ಹೇಳುತ್ತದೆ

ನಮ್ಮ ಎಂಜಿನಿಯರುಗಳು ಇಷ್ಟು ವರ್ಷ ಬಳಸಿಕೊಂಡು ಬಂದಿರುವ ಭೂಕಂಪದ ಸಂಹಿತೆ, ಅಂದರೆ ನಿಯಮಗಳ ಪುಸ್ತಕ, ಐಎಸ್ 1893. ಅದರ 2016ರ ಆವೃತ್ತಿಯಲ್ಲಿ ದೇಶವನ್ನು ಎರಡರಿಂದ ಐದರವರೆಗೆ ನಾಲ್ಕು ವಲಯ ಮಾಡಿದ್ದರು. ದಾವಣಗೆರೆ, ಚಿತ್ರದುರ್ಗ ಎರಡೂ ಎರಡನೇ ವಲಯದಲ್ಲಿದ್ದವು. ಅಂದರೆ ಪಟ್ಟಿಯಲ್ಲಿ ಎಲ್ಲಕ್ಕಿಂತ ಕಡಿಮೆ ಅಪಾಯದ ಜಾಗ. ಈ ಲೇಖನದ ಲೆಕ್ಕಗಳೆಲ್ಲ ಆ ಆವೃತ್ತಿಯವು.

ಕಡಿಮೆ ಅಪಾಯ ಎಂದರೆ ಅಪಾಯವೇ ಇಲ್ಲ ಎಂದಲ್ಲ. ಇದನ್ನು ಕಿಲ್ಲಾರಿಯವರಿಗಿಂತ ಚೆನ್ನಾಗಿ ಹೇಳುವವರು ಯಾರೂ ಇಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಆ ಊರು ನೆಲಸಮವಾದಾಗ ಆಗಿನ ನಕ್ಷೆಯಲ್ಲಿ ಅದು ಒಂದನೇ ವಲಯ. ಅದಕ್ಕಿಂತ ಕೆಳಗೆ ಇನ್ನೊಂದು ವಲಯ ಇರಲಿಲ್ಲ. ಭೂಕಂಪದ ಪ್ರಮಾಣ 6.2. ಸತ್ತವರು ಸಾವಿರಾರು ಜನ. 2002ರಲ್ಲಿ ಸಂಹಿತೆಯನ್ನು ತಿದ್ದುವಾಗ ಒಂದನೇ ವಲಯವನ್ನೇ ತೆಗೆದುಹಾಕಿದರು. ಕಿಲ್ಲಾರಿಗೂ ದಾವಣಗೆರೆಗೂ ನೇರ ಅಳತೆಯಲ್ಲಿ ಸುಮಾರು 400 ಕಿ.ಮೀ. ಕಲ್ಲು ಗಟ್ಟಿಯಾಗಿರುವ ದಖ್ಖನ್ ಪ್ರಸ್ಥಭೂಮಿಯಲ್ಲಿ ಭೂಕಂಪ ಅಪರೂಪ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. 2021ರಲ್ಲಿ ಕಲಬುರಗಿ ಜಿಲ್ಲೆಯ ಗಡಿಕೇಶ್ವರದಲ್ಲಿ ಮೇಲಿಂದ ಮೇಲೆ ನೆಲ ನಡುಗಿ ಜನ ಮನೆ ಬಿಟ್ಟು ಹೊರಗೆ ಮಲಗಿದ್ದರು.

ಇದನ್ನು ಓದಿ ಹೆದರಬೇಕಾಗಿಲ್ಲ. ಎರಡನೇ ವಲಯದಲ್ಲಿ ನಿರೀಕ್ಷಿಸುವ ಅಲುಗಾಟಕ್ಕೆ ಸರಿಯಾಗಿ ಕಟ್ಟಿದ ಮನೆ ಬೀಳುವುದಿಲ್ಲ. ಗಿಲಾವು ಬಿರುಕು ಬಿಡಬಹುದು, ಅಟ್ಟದ ಮೇಲಿನ ಪಾತ್ರೆ ಉರುಳಬಹುದು. ಆದರೆ ನಕ್ಷೆಯ ಲೆಕ್ಕ ಒಂದು ಕಟ್ಟಡ ಒಂಟಿಯಾಗಿ ನಿಂತಿದೆ ಎಂದುಕೊಂಡು ಮಾಡಿದ್ದು. ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆಯಲ್ಲಿ ಒಂಟಿಯಾಗಿ ನಿಂತ ಕಟ್ಟಡ ಹುಡುಕಿದರೆ ಎಷ್ಟು ಸಿಕ್ಕಾವು?

ಒಂದೊಂದು ಕಟ್ಟಡಕ್ಕೆ ಒಂದೊಂದು ತೂಗಾಟ

ನೆಲ ಅಲುಗಿದಾಗ ಕಟ್ಟಡ ಜೋಕಾಲಿಯ ಹಾಗೆ ಅತ್ತಿತ್ತ ತೂಗುತ್ತದೆ. ಬುಡ ನೆಲದ ಜೊತೆ ಹೋಗುತ್ತದೆ, ತಲೆ ಹಿಂದೆ ಉಳಿಯುತ್ತದೆ, ಆಮೇಲೆ ತಲೆ ಮುಂದೆ ಬರುತ್ತದೆ. ಒಂದು ಸಲ ಅತ್ತ ಹೋಗಿ ಇತ್ತ ಬರಲು ಹಿಡಿಯುವ ಸಮಯ ಆಯಾ ಕಟ್ಟಡದ್ದೇ ಆಗಿರುತ್ತದೆ. ಉದ್ದ ಹಗ್ಗದ ಜೋಕಾಲಿ ನಿಧಾನ, ಗಿಡ್ಡ ಹಗ್ಗದ್ದು ಚುರುಕು. ಕಟ್ಟಡವೂ ಹಾಗೆಯೇ. ಒಂದು ಮಹಡಿಗೆ ಸೆಕೆಂಡಿನ ಹತ್ತನೇ ಒಂದು ಭಾಗ ಎನ್ನುವುದು ಎಂಜಿನಿಯರುಗಳ ಅಂದಾಜು ಲೆಕ್ಕ. ಎರಡು ಮಹಡಿಯ ಮನೆ ಸುಮಾರು 0.2 ಸೆಕೆಂಡಿಗೆ ಒಂದು ಸುತ್ತು ತೂಗಿದರೆ ಐದು ಮಹಡಿಯದ್ದು 0.5 ಸೆಕೆಂಡು ತೆಗೆದುಕೊಳ್ಳುತ್ತದೆ.

ಎರಡೂ ಒಂದೇ ಥರದ ಕಟ್ಟಡವಾದರೆ ತೊಂದರೆ ಕಡಿಮೆ. ಜೋಡಿ ಎತ್ತುಗಳ ಹಾಗೆ ಒಟ್ಟಿಗೆ ಅತ್ತ, ಒಟ್ಟಿಗೆ ಇತ್ತ. ಬೇರೆ ಬೇರೆ ಥರದವಾದರೆ ಒಂದು ಬಲಕ್ಕೆ ಬರುವಾಗ ಇನ್ನೊಂದು ಎಡಕ್ಕೆ ಬರುತ್ತದೆ. ನಡುವೆ ಜಾಗ ಇದ್ದರೆ ಪರವಾಗಿಲ್ಲ, ಇಲ್ಲದಿದ್ದರೆ ಡಿಕ್ಕಿ. ಇಂಗ್ಲಿಷಿನಲ್ಲಿ ಇದಕ್ಕೆ ಪೌಂಡಿಂಗ್ ಎನ್ನುತ್ತಾರೆ, ಒನಕೆಯಲ್ಲಿ ಕುಟ್ಟುವುದು ಅನ್ನುತ್ತೇವಲ್ಲ, ಅದೇ ಮಾತು. ಒಂದೇ ಏಟಲ್ಲ. ಅಲುಗಾಟ ನಿಲ್ಲುವವರೆಗೂ ಕುಟ್ಟುತ್ತಲೇ ಇರುತ್ತವೆ.

ನೆಲವೂ ಇದರಲ್ಲಿ ಪಾಲುದಾರ. ಚಿತ್ರದುರ್ಗದ ಕೋಟೆಯ ಸುತ್ತ ಕಾಲಿಟ್ಟಲ್ಲೆಲ್ಲ ಬಂಡೆ. ದಾವಣಗೆರೆ ಸುತ್ತ ಎರೆ ಮಣ್ಣಿನ ಜಾಗಗಳಿವೆ, ಭದ್ರಾ ನಾಲೆಯ ನೀರು ಕುಡಿದ ಗದ್ದೆಗಳನ್ನು ಬಡಾವಣೆ ಮಾಡಿದ ಜಾಗಗಳೂ ಇವೆ. ಸಂಹಿತೆಯ ಪ್ರಕಾರ 0.6 ಸೆಕೆಂಡಿನ ತೂಗಾಟವಿರುವ ಒಂದೇ ಕಟ್ಟಡವನ್ನು ಬಂಡೆಯ ಮೇಲೊಮ್ಮೆ, ಮೃದು ಮಣ್ಣಿನ ಮೇಲೊಮ್ಮೆ ಕಟ್ಟಿದರೆ, ಮಣ್ಣಿನ ಮೇಲಿನದಕ್ಕೆ ಬರುವ ಬಲ ಒಂದೂವರೆ ಪಟ್ಟು. ಬಾಗುವುದೂ ಅಷ್ಟೇ ಜಾಸ್ತಿ. ಹಾಗಂತ ಎರೆ ಮಣ್ಣೆಲ್ಲ ಈ ಲೆಕ್ಕದ ಮೃದು ಮಣ್ಣು ಎಂದುಕೊಳ್ಳಬಾರದು. ಅದು ಗೊತ್ತಾಗುವುದು ಮಣ್ಣಿನ ಪರೀಕ್ಷೆಯಿಂದ ಮಾತ್ರ. ಮಣ್ಣಿನ ಪರೀಕ್ಷೆಯನ್ನು ಪಾಯ ಎಷ್ಟು ಆಳ ತೆಗೆಯಬೇಕು ಎನ್ನುವುದಕ್ಕೆ ಮಾತ್ರ ಬಳಸಿ ಬಿಟ್ಟುಬಿಡುವುದು ರೂಢಿ. ಕಟ್ಟಡ ಎಷ್ಟು ಬಾಗುತ್ತದೆ ಎನ್ನುವುದಕ್ಕೂ ಅದೇ ವರದಿ ಬೇಕು.

ಗುದ್ದು ಎಲ್ಲಿ ಬೀಳುತ್ತದೆ ಎಂಬುದೇ ಮುಖ್ಯ

ಎಲ್ಲ ಡಿಕ್ಕಿಯೂ ಒಂದೇ ಅಲ್ಲ. ಎರಡು ಕಟ್ಟಡಗಳ ಮಹಡಿಗಳು ಒಂದೇ ಮಟ್ಟದಲ್ಲಿದ್ದರೆ ಮೋಲ್ಡಿಗೆ ಮೋಲ್ಡು, ಅಂದರೆ ಕಾಂಕ್ರೀಟ್ ಚಾವಣಿಗೆ ಚಾವಣಿ, ತಾಗುತ್ತದೆ. ಆರ್‌ಸಿಸಿ ಮೋಲ್ಡು ಅಡ್ಡಡ್ಡಕ್ಕೆ ಬಹಳ ಗಟ್ಟಿ. ಅಂಚು ಜಜ್ಜುತ್ತದೆ, ಕಾಂಕ್ರೀಟ್ ಉದುರುತ್ತದೆ, ಒಳಗಿನ ಸಾಮಾನು ಚೆಲ್ಲಾಪಿಲ್ಲಿಯಾಗುತ್ತದೆ. ಕಟ್ಟಡ ಸಾಮಾನ್ಯವಾಗಿ ಉಳಿಯುತ್ತದೆ.

ಒಂದು ಕಡೆಯ ಮೋಲ್ಡು ಇನ್ನೊಂದು ಕಡೆಯ ಪಿಲ್ಲರಿನ ನಡುಮಧ್ಯಕ್ಕೆ ಹೊಡೆದರೆ ಕಥೆಯೇ ಬೇರೆ. ಪಿಲ್ಲರ್ ಇರುವುದು ಮೇಲಿನ ಭಾರ ಹೊರಲಿಕ್ಕೆ. ಸೊಂಟಕ್ಕೆ ಅಡ್ಡ ಏಟು ತಿನ್ನಲಿಕ್ಕೆ ಅದನ್ನು ಯಾರೂ ಕಟ್ಟಿರುವುದಿಲ್ಲ. ನಡುವೆ ಏಟು ಬಿದ್ದಾಗ ಪಿಲ್ಲರ್ ಮೆಲ್ಲಗೆ ಬಾಗುವುದಿಲ್ಲ, ಕತ್ತರಿಸಿದ ಹಾಗೆ ಓರೆಯಾಗಿ ಸೀಳುತ್ತದೆ. ಒಂದು ಪಿಲ್ಲರ್ ಹೋದರೆ ಅದರ ಮೇಲಿನ ಭಾರ ಪಕ್ಕದ ಪಿಲ್ಲರಿಗೆ ಬೀಳುತ್ತದೆ, ಅದೂ ಆಗಲೇ ಏಟು ತಿಂದಿರುತ್ತದೆ. ಗುದ್ದಾಟದಲ್ಲಿ ಕಟ್ಟಡ ಕುಸಿಯುವುದು ಹೆಚ್ಚಾಗಿ ಹೀಗೆ.

ಈಗ ದಾವಣಗೆರೆಯ ಅಶೋಕ ರಸ್ತೆಯ ಕಡೆಯೋ ಚಿತ್ರದುರ್ಗದ ಸಂತೆಪೇಟೆಯ ಕಡೆಯೋ ತಲೆಯೆತ್ತಿ ನೋಡುತ್ತಾ ಹೋಗಿ. ಒಂದು ಕಟ್ಟಡದ ಕೆಳಗೆ ಅಂಗಡಿ, ಅದರ ಎತ್ತರ ಹನ್ನೆರಡೋ ಹದಿನಾಲ್ಕೋ ಅಡಿ. ಪಕ್ಕದ್ದು ವಾಸದ ಮನೆ, ಹತ್ತು ಅಡಿ. ಅಲ್ಲಿಗೆ ಮೊದಲ ಮಹಡಿಯ ಮಟ್ಟ ತಪ್ಪಿತು. ವಸತಿ ಬಡಾವಣೆಗಳಲ್ಲಿ ಕಾರಣ ಇನ್ನೊಂದು. ಡಾಂಬರಿನ ಮೇಲೆ ಡಾಂಬರು, ಅದರ ಮೇಲೆ ಕಾಂಕ್ರೀಟು ಹಾಕಿ ರಸ್ತೆ ಮೇಲೇರುತ್ತಲೇ ಹೋಗುತ್ತದೆ. ಮಳೆನೀರು ಒಳಗೆ ಬಾರದಿರಲಿ ಎಂದು ಹೊಸದಾಗಿ ಕಟ್ಟುವವರು ಹಳೆಯ ಮನೆಗಿಂತ ಎರಡು ಮೂರು ಅಡಿ ಎತ್ತರಕ್ಕೆ ನೆಲಮಟ್ಟ ಇಡುತ್ತಾರೆ. ಅವರ ಮಟ್ಟಿಗೆ ಅದು ಸರಿಯೇ. ಆದರೆ ಆ ಎರಡು ಮೂರು ಅಡಿಯೇ ಅವರ ಮೋಲ್ಡನ್ನು ಪಕ್ಕದವರ ಪಿಲ್ಲರಿನ ನಡುವಿಗೆ ತಂದು ನಿಲ್ಲಿಸುತ್ತದೆ. ರಸ್ತೆ ಕಾಮಗಾರಿಗೂ ಭೂಕಂಪಕ್ಕೂ ಸಂಬಂಧ ಇದೆ ಎಂದರೆ ಯಾರಾದರೂ ನಕ್ಕಾರು, ಆದರೆ ಇದೆ.

ಎತ್ತರದ ವ್ಯತ್ಯಾಸವೂ ಕಾಟ ಕೊಡುತ್ತದೆ. ಎರಡು ಮಹಡಿಯ ಗಟ್ಟಿ ಕಟ್ಟಡದ ಪಕ್ಕ ಐದು ಮಹಡಿಯದ್ದು ಅಂಟಿಕೊಂಡಿದೆ ಎಂದಿಟ್ಟುಕೊಳ್ಳಿ. ದೊಡ್ಡದು ತೂಗುವಾಗ ಕೆಳಗಿನ ಎರಡು ಮಹಡಿಗೆ ಚಿಕ್ಕದು ಅಡ್ಡ ಬರುತ್ತದೆ. ಮೇಲಿನ ಮೂರು ಚಾಟಿಯ ತುದಿಯ ಹಾಗೆ ಬೀಸುತ್ತವೆ. ಚಿಕ್ಕ ಕಟ್ಟಡದ ತಾರಸಿಗೆ ಸರಿಯಾಗಿ ಮೇಲಿರುವ ಮಹಡಿಗೆ ಆ ಬೀಸಿನ ಭಾರವೆಲ್ಲ ಬೀಳುತ್ತದೆ. ತೂಕದಲ್ಲಿ ತುಂಬಾ ಅಂತರವಿದ್ದರೆ ಹಗುರವಾದದ್ದೇ ಹೆಚ್ಚು ಪೆಟ್ಟು ತಿನ್ನುತ್ತದೆ. ಹಳೇ ಪೇಟೆಯ ಮಣ್ಣಿನ ಮಾಳಿಗೆ ಮನೆ, ಅದಕ್ಕೆ ಒತ್ತಿಕೊಂಡು ನಾಲ್ಕು ಅಂತಸ್ತಿನ ಆರ್‌ಸಿಸಿ ಕಟ್ಟಡ. ಇಂಥ ಜೋಡಿಯಲ್ಲಿ ಮಾಳಿಗೆಯ ಗೋಡೆಗೆ ಪೆಟ್ಟು ತಡೆಯುವ ಶಕ್ತಿ ಇಲ್ಲವೇ ಇಲ್ಲ. ತಲೆಯ ಮೇಲೆ ಅಡಿಗಟ್ಟಲೆ ಮಣ್ಣು ಬೇರೆ.

ಸಾಲಿನ ಕೊನೆಯ ಕಟ್ಟಡದ ಪಾಡು ಇನ್ನೊಂದು. ಗೋಲಿಗಳನ್ನು ಒಂದಕ್ಕೊಂದು ತಾಗಿಸಿ ಸಾಲಾಗಿಟ್ಟು ಈ ತುದಿಗೆ ಹೊಡೆದರೆ ಆ ತುದಿಯ ಗೋಲಿ ಮಾತ್ರ ಹಾರಿಹೋಗುತ್ತದೆ. ಒತ್ತಾಗಿ ನಿಂತ ಕಟ್ಟಡಗಳ ಸಾಲಿನಲ್ಲೂ ಹೀಗೆಯೇ. ನಡುವಿನವು ಪರಸ್ಪರ ಆತುಕೊಂಡು ನಿಲ್ಲುತ್ತವೆ, ತುದಿಯದಕ್ಕೆ ಆಸರೆ ಇಲ್ಲ. ನಮ್ಮಲ್ಲಿ ಸಾಲಿನ ತುದಿ ಎಂದರೆ ಮೂಲೆ ಸೈಟು. ಬೆಲೆ ಜಾಸ್ತಿ ಕೊಟ್ಟು ಕೊಳ್ಳುವುದೂ ಅದನ್ನೇ.

ಬೇರೆ ಊರುಗಳಲ್ಲಿ ಏನಾಯಿತು

1985ರ ಸೆಪ್ಟೆಂಬರ್ 19ರಂದು ಮೆಕ್ಸಿಕೊ ನಗರ ನಡುಗಿತು. ಭೂಕಂಪದ ಕೇಂದ್ರ ಇದ್ದದ್ದು 300 ಕಿ.ಮೀ.ಗೂ ದೂರದ ಕಡಲ ತೀರದಲ್ಲಿ. ಆದರೆ ನಗರದ ನಡುಭಾಗ ಕಟ್ಟಿದ್ದು ಬತ್ತಿದ ಕೆರೆಯ ಹೂಳಿನ ಮೇಲೆ. ಆ ಹೂಳು ಅಲುಗಾಟವನ್ನು ಹಿಡಿದು ಹಿಗ್ಗಿಸಿ ಸುಮಾರು ಎರಡು ಸೆಕೆಂಡಿನ ನಿಧಾನ ತೂಗಾಟವಾಗಿ ಮಾಡಿತು. ಮಧ್ಯಮ ಎತ್ತರದ ಕಟ್ಟಡಗಳು ಅದಕ್ಕೆ ಸಿಕ್ಕಿಬಿದ್ದವು. ಕುಸಿದ ಅಥವಾ ತೀವ್ರ ಹಾನಿಯಾದ 330 ಕಟ್ಟಡಗಳನ್ನು ಪರಿಶೀಲಿಸಿದವರು ಅವುಗಳಲ್ಲಿ ಶೇ 40ರಷ್ಟರಲ್ಲಿ ಪಕ್ಕದ ಕಟ್ಟಡದ ಜೊತೆ ಗುದ್ದಾಡಿದ ಗುರುತು ಕಂಡರು. ಶೇ 15ರಷ್ಟರಲ್ಲಿ ಕುಸಿತಕ್ಕೂ ಅದೇ ಕಾರಣ ಎಂದರು. ಜಗತ್ತಿನ ಎಂಜಿನಿಯರುಗಳು ಈ ವಿಷಯವನ್ನು ಗಂಭೀರವಾಗಿ ತೆಗೆದುಕೊಂಡಿದ್ದು ಆ ಅಂಕಿಗಳಿಂದ.

ಆಮೇಲೆ ಅದೇ ಅಂಕಿಗಳ ಮೇಲೆ ತಕರಾರೂ ಬಂತು. ಗುದ್ದಿದ ಗುರುತು ಇದ್ದ ಮಾತ್ರಕ್ಕೆ ಗುದ್ದಿನಿಂದಲೇ ಬಿತ್ತು ಎನ್ನಲಾಗದು, ಕಟ್ಟಡ ಮೊದಲೇ ದುರ್ಬಲವಿದ್ದು ವಾಲುವಾಗ ತಾಗಿರಬಹುದು ಎಂದು ಕೆಲವರು ವಾದಿಸಿದರು. ಈ ವಾದದಲ್ಲಿ ಹುರುಳಿದೆ. ಕ್ಯಾಲಿಫೋರ್ನಿಯಾದ 1989ರ ಲೋಮಾ ಪ್ರಿಯೆಟಾ ಭೂಕಂಪದಲ್ಲಿ 200ಕ್ಕೂ ಹೆಚ್ಚು ಕಡೆ ಕಟ್ಟಡಗಳು ಡಿಕ್ಕಿಯಾದದ್ದು ದಾಖಲಾಯಿತು. ಆದರೂ ಹೆಚ್ಚಿನವು ಬೀಳಲಿಲ್ಲ. ಅಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ: ಕೇಂದ್ರದಿಂದ ಸುಮಾರು 90 ಕಿ.ಮೀ. ದೂರದಲ್ಲೂ ಡಿಕ್ಕಿಗಳಾಗಿದ್ದವು. ದೂರದ, ಕಡಿಮೆ ಅಲುಗಾಟದ ಊರಿನಲ್ಲೂ ಸಂದಿ ಇಲ್ಲದ ಕಟ್ಟಡಗಳು ತಾಗುತ್ತವೆ. ಎರಡನೇ ವಲಯದವರಿಗೆ ಮೆಕ್ಸಿಕೊಗಿಂತ ಹತ್ತಿರವಾದ ಪಾಠ ಇದು.

ಸೆಟ್‌ಬ್ಯಾಕ್ ಬೇರೆ, ಸಂದಿ ಬೇರೆ

"ನಾವು ಪಕ್ಕದಲ್ಲಿ ಮೂರು ಅಡಿ ಬಿಟ್ಟಿದ್ದೇವೆ, ಅಲ್ವಾ?" ಎಂದು ಕೇಳುವವರಿದ್ದಾರೆ. ಸೆಟ್‌ಬ್ಯಾಕ್ ನಿಯಮ, ಅಂದರೆ ಗಡಿಯಿಂದ ಒಳಗೆ ಇಷ್ಟು ಜಾಗ ಬಿಡಬೇಕು ಎಂಬ ನಿಯಮ, ಬಂದದ್ದು ಗಾಳಿ, ಬೆಳಕು, ಬೆಂಕಿ ಬಿದ್ದಾಗ ಓಡಾಡಲು ದಾರಿ, ಇವುಗಳಿಗಾಗಿ. ಮೂರು ಅಡಿ ಬಿಟ್ಟರೆ ಭೂಕಂಪದ ಸಂದಿಯೂ ತಾನಾಗೇ ಸಿಗುತ್ತದೆ, ನಿಜ. ಆದರೆ ಮೂರು ಅಡಿ ಎಲ್ಲಿಯವರೆಗೆ ಉಳಿದಿದೆ?

ನೆಲದಲ್ಲಿ ಮೂರು ಅಡಿ ಇರುತ್ತದೆ. ಮೊದಲ ಮಹಡಿಗೆ ಹೋದಾಗ ಒಂದೂವರೆ ಅಡಿ ಸಜ್ಜಾ ಹೊರಬರುತ್ತದೆ. ಎರಡನೇ ಮಹಡಿಯಲ್ಲಿ ಆ ಸಜ್ಜಾದ ಮೇಲೆ ಗೋಡೆ ಎದ್ದು ಬಾತ್‌ರೂಮ್ ಆಗುತ್ತದೆ. ಪಕ್ಕದವರೂ ಅದನ್ನೇ ಮಾಡುತ್ತಾರೆ. ತಾರಸಿಗೆ ಬರುವಷ್ಟರಲ್ಲಿ ಒಬ್ಬರ ಪ್ಯಾರಾಪೆಟ್ಟಿನಿಂದ ಇನ್ನೊಬ್ಬರದಕ್ಕೆ ಬೆಕ್ಕು ಸಲೀಸಾಗಿ ದಾಟುತ್ತದೆ. ಕಟ್ಟಡ ಅತಿ ಹೆಚ್ಚು ತೂಗುವುದು ತಲೆಯಲ್ಲಿ, ಜಾಗ ಅತಿ ಕಡಿಮೆ ಉಳಿದಿರುವುದೂ ಅಲ್ಲಿಯೇ. ಕೆಳಗೆ ನಿಂತು ಟೇಪು ಹಿಡಿದವರಿಗೆ ಇದು ಕಾಣುವುದಿಲ್ಲ.

ಓಸಿ ವಿನಾಯಿತಿಯ ವಿಷಯ ಇಲ್ಲಿಗೇ ಬಂದು ಸೇರುತ್ತದೆ. ಓಸಿ ಕೊಡುವಾಗ ಯಾರೂ ಭೂಕಂಪದ ಲೆಕ್ಕ ಮಾಡುವುದಿಲ್ಲ. ಮನೆಯ ಪ್ಲಾನಿನಲ್ಲಿ ತೋರಿಸಿದಂತೆ ಕಟ್ಟಿದ್ದಾರೋ ಇಲ್ಲವೋ ನೋಡುತ್ತಾರೆ. ಆದರೂ ಕಟ್ಟಿ ಮುಗಿದ ಮೇಲೆ ಹೊರಗಿನವರೊಬ್ಬರು ಬಂದು ಅಳೆಯುವ ಸಂದರ್ಭ ಅದೊಂದೇ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ಪತ್ರ ಇಲ್ಲದೆ ನೀರು, ವಿದ್ಯುತ್ ಕೊಡಬೇಡಿ ಎಂದು ಹೇಳಿತು. ಅದರಿಂದ ಸಿಕ್ಕಿಕೊಂಡವರಿಗೆ ದಾರಿ ಮಾಡಿಕೊಡಲು ರಾಜ್ಯ ಸರ್ಕಾರ ವಿನಾಯಿತಿ ತಂದಿತು. ಅದಕ್ಕೂ ಹಿಂದೆ ಅಕ್ರಮ ಸಕ್ರಮ ಎಂಬ ಯೋಜನೆ ಇತ್ತು. ಮನೆಗಳಾದರೆ ಶೇ 50ರವರೆಗೆ, ವಾಣಿಜ್ಯ ಕಟ್ಟಡಗಳಾದರೆ ಶೇ 25ರವರೆಗೆ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಯೋಜನೆ ಅದು. 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು.

ಸರ್ಕಾರದ ವಾದವನ್ನೂ ಸುಮ್ನೆ ತಳ್ಳಿಹಾಕುವಂತಿಲ್ಲ. ಮೂವತ್ತು ನಲವತ್ತರ ಸೈಟಿನಲ್ಲಿ ಸಾಲ ಮಾಡಿ ಮನೆ ಕಟ್ಟಿದವರನ್ನು ಒಂದು ಕಾಗದಕ್ಕಾಗಿ ವರ್ಷಗಟ್ಟಲೆ ಅಲೆಸುವುದು ನ್ಯಾಯವಲ್ಲ. ಕಾಗದ ಬೇಡ ಎಂದದ್ದರಲ್ಲಿ ತಪ್ಪಿಲ್ಲ. ಕಾಗದದ ಜೊತೆ ಅಳತೆಯೂ ಹೋಯಿತು ಎಂಬುದೇ ತೊಂದರೆ. ಸೆಟ್‌ಬ್ಯಾಕ್‌ನಲ್ಲಿ ಎಷ್ಟೇ ರಿಯಾಯಿತಿ ಕೊಡಲಿ, ಕೊನೆಯ ಮೂರು ಇಂಚಿಗೆ ಮಾತ್ರ ರಿಯಾಯಿತಿ ಇಲ್ಲ ಎಂದು ಒಂದು ಸಾಲು ಸೇರಿಸಬಹುದಿತ್ತು.

ಮೂರು ಇಂಚು ಎಲ್ಲಿಂದ ಬಂತು?

ಐಎಸ್ 1893 ಹೇಳುವ ವಿಧಾನ ಹೀಗಿದೆ. ವಿನ್ಯಾಸದ ಭೂಕಂಪ ಬಲಕ್ಕೆ ಕಟ್ಟಡ ಎಷ್ಟು ಬಾಗುತ್ತದೆ ಎಂದು ಮೊದಲು ಲೆಕ್ಕ ಹಾಕಬೇಕು. ಆದರೆ ವಿನ್ಯಾಸದ ಬಲ ನಿಜವಾದ ಬಲಕ್ಕಿಂತ ಬೇಕೆಂದೇ ಕಡಿಮೆ ಇಟ್ಟಿರುವಂಥದ್ದು. ಕಟ್ಟಡ ಸ್ವಲ್ಪ ಬಿರುಕು ಬಿಟ್ಟು, ಬಗ್ಗಿ, ಬಲವನ್ನು ಅರಗಿಸಿಕೊಳ್ಳುತ್ತದೆ ಎಂಬ ನಂಬಿಕೆಯ ಮೇಲೆ ಅದನ್ನು ಭಾಗಿಸಿರುತ್ತಾರೆ. ಹಾಗೆ ಭಾಗಿಸಿದ ಸಂಖ್ಯೆಗೆ ಆರ್ ಎಂದು ಹೆಸರು. ಸಾಧಾರಣ ಪಿಲ್ಲರ್ ಬೀಮ್ ಕಟ್ಟಡಕ್ಕೆ ಅದು 3, ವಿಶೇಷವಾಗಿ ಕಂಬಿ ಕಟ್ಟಿದ್ದಕ್ಕೆ 5. ಬಲವನ್ನು ಭಾಗಿಸಿದ್ದೇವೆ, ಆದ್ದರಿಂದ ಬಾಗುವಿಕೆಯನ್ನು ಅದೇ ಸಂಖ್ಯೆಯಿಂದ ಗುಣಿಸಿ ನಿಜವಾದ ಬಾಗುವಿಕೆಗೆ ಬರಬೇಕು. ಎರಡೂ ಕಟ್ಟಡಗಳದ್ದನ್ನು ಹೀಗೆ ಗುಣಿಸಿ ಕೂಡಿಸಿದರೆ ಬೇಕಾದ ಸಂದಿ ಸಿಗುತ್ತದೆ.

ಒಂದು ಉದಾಹರಣೆ. ನಿಮ್ಮ ಮನೆ ತಾರಸಿ ಮಟ್ಟದಲ್ಲಿ 10 ಮಿ.ಮೀ. ಬಾಗುತ್ತದೆ ಎಂದಿಟ್ಟುಕೊಳ್ಳೋಣ. ಮೂರರಿಂದ ಗುಣಿಸಿದರೆ 30. ಪಕ್ಕದ್ದು ಕೆಳಗೆ ಪಾರ್ಕಿಂಗ್ ಬಿಟ್ಟು ಕಟ್ಟಿದ್ದು, ಸ್ವಲ್ಪ ಸಡಿಲ, 15 ಮಿ.ಮೀ. ಬಾಗುತ್ತದೆ. ಗುಣಿಸಿದರೆ 45. ಒಟ್ಟು 75 ಮಿ.ಮೀ., ಅಂದರೆ ಮೂರು ಇಂಚು. ಹೆಬ್ಬೆರಳು ಬಿಟ್ಟು ಉಳಿದ ನಾಲ್ಕು ಬೆರಳು ಜೋಡಿಸಿ ಹಿಡಿದರೆ ಹೆಚ್ಚುಕಡಿಮೆ ಅಷ್ಟೇ ಅಗಲ. ಇದು ಲೆಕ್ಕದ ದಾರಿ ತೋರಿಸಲು ಹಾಕಿದ ಅಂಕಿ. ನಿಮ್ಮ ಕಟ್ಟಡದ ನಿಜವಾದ ಅಂಕಿಯನ್ನು ಸ್ಟ್ರಕ್ಚರಲ್ ಎಂಜಿನಿಯರ್ ಹೇಳಬೇಕು. ಸಂಹಿತೆ ಒಪ್ಪುವ ಗರಿಷ್ಠ ಬಾಗುವಿಕೆ ಮಹಡಿ ಎತ್ತರದ 0.004 ಭಾಗ, ಅಂದರೆ ಹತ್ತು ಅಡಿಯ ಮಹಡಿಗೆ 12 ಮಿ.ಮೀ. ಆ ಮಿತಿಯವರೆಗೂ ಬಾಗುವ ಮೂರು ಮಹಡಿಯ ಎರಡು ಕಟ್ಟಡಗಳು ಅಕ್ಕಪಕ್ಕ ಇದ್ದರೆ ಸಂದಿ ಒಂದು ಗೇಣಿಗೆ ಹತ್ತಿರ ಬರುತ್ತದೆ. ಕಟ್ಟಡ ಎಷ್ಟು ಗಟ್ಟಿಯೋ ಸಂದಿ ಅಷ್ಟು ಕಿರಿದು.

ಲೆಕ್ಕ ಬೇಡ, ಕೈಗೆ ಸಿಗುವ ಅಳತೆ ಹೇಳಿ ಎನ್ನುವವರಿಗೆ ಐಎಸ್ 4326 ಎಂಬ ಇನ್ನೊಂದು ಸಂಹಿತೆ ಇದೆ. ಗೋಡೆಯ ಮೇಲೆ ನಿಂತ ಕಟ್ಟಡಕ್ಕೆ ಮಹಡಿಗೆ 15 ಮಿ.ಮೀ., ಆರ್‌ಸಿಸಿ ಪಿಲ್ಲರ್ ಬೀಮ್ ಕಟ್ಟಡಕ್ಕೆ 20, ಉಕ್ಕಿನ ಚೌಕಟ್ಟಿಗೆ 30. ಇವು ನಮಗಿಂತ ಜೋರು ಅಲುಗಾಟಕ್ಕೆ ಹೇಳಿದ ಅಳತೆಗಳು. ಕಡಿಮೆ ಇರುವಲ್ಲಿ ಅದೇ ಪ್ರಮಾಣದಲ್ಲಿ ಇಳಿಸಬಹುದು. ಎಷ್ಟೇ ಇಳಿಸಿದರೂ 25 ಮಿ.ಮೀ.ಗಿಂತ, ಅಂದರೆ ಒಂದು ಇಂಚಿಗಿಂತ ಕಡಿಮೆಯಾಗಬಾರದು.

ನಲವತ್ತು ಅಡಿ ಉದ್ದದ ಪಕ್ಕಕ್ಕೆ ಮೂರು ಇಂಚು ಬಿಟ್ಟರೆ ಹೋಗುವ ಜಾಗ ಮಹಡಿಗೆ 10 ಚದರ ಅಡಿ. ಸೈಟಿನ ಶೇಕಡ ಒಂದಕ್ಕಿಂತ ಕಡಿಮೆ. ಇಬ್ಬರೂ ಅರ್ಧರ್ಧ ಬಿಟ್ಟರೆ ತಲಾ ಐದು.

ತಕರಾರುಗಳು

ಮೇಸ್ತ್ರಿಗಳ ತಕರಾರು ಎಲ್ಲಕ್ಕಿಂತ ನಿಜವಾದದ್ದು. ಮೂರು ಇಂಚಿನ ಸಂದಿಯೊಳಗೆ ಕೈ ಹೋಗುವುದಿಲ್ಲ, ಹೊರಗಿನಿಂದ ಗಿಲಾವು ಮಾಡಲಾಗುವುದಿಲ್ಲ. ಮಳೆನೀರು ಇಳಿದು ಎರಡೂ ಮನೆಯ ಗೋಡೆ ತೇವ ಹಿಡಿಯುತ್ತದೆ. ಹೆಗ್ಗಣ ಸೇರುತ್ತದೆ, ಕಸ ತುಂಬುತ್ತದೆ. ಆದ್ದರಿಂದ ಒಂದೋ ಮೂರು ಅಡಿ ಬಿಡಿ, ಇಲ್ಲವೇ ಪೂರ್ತಿ ಅಂಟಿಸಿ ಎನ್ನುತ್ತಾರೆ. ಇದಕ್ಕೆ ಪರಿಹಾರ ಇದೆ. ಸಂದಿಯ ಬಾಯಿಗೆ ಮೇಲೆ ಮತ್ತು ಮುಂದೆ ಬಾಗಿದ ತಗಡಿನ ಮುಚ್ಚಳ ಹಾಕಬೇಕು. ಅದನ್ನು ಒಂದು ಕಡೆಯ ಗೋಡೆಗೆ ಮಾತ್ರ ಮೊಳೆ ಹೊಡೆದು ಇನ್ನೊಂದು ಕಡೆ ಸುಮ್ಮನೆ ಒರಗಿಸಬೇಕು. ಎರಡೂ ಕಡೆ ಬಿಗಿದರೆ ಮೊದಲ ಅಲುಗಾಟಕ್ಕೇ ಕಿತ್ತು ಬರುತ್ತದೆ. ಸಂದಿಯ ಕಡೆಯ ಗೋಡೆಗೆ ಗಿಲಾವು ಬೇಡದಂಥ ಒಳ್ಳೆಯ ಕಲ್ಲು ಬಳಸಿ, ಸಂದುಗಳನ್ನು ಒಳಗಿನಿಂದಲೇ ತುಂಬುತ್ತಾ ಬರಬೇಕು. ಖರ್ಚು ಸ್ವಲ್ಪ ಹೆಚ್ಚು, ಕೆಲಸಕ್ಕೆ ತಾಳ್ಮೆಯೂ ಬೇಕು.

ಸಂದಿ ಬಿಟ್ಟೂ ಹಾಳುಮಾಡಿಕೊಳ್ಳುವ ಇನ್ನೊಂದು ದಾರಿ ಇದೆ. ಮೋಲ್ಡ್ ಹಾಕುವಾಗ ಉದುರಿದ ಕಾಂಕ್ರೀಟು, ಇಟ್ಟಿಗೆ ಚೂರು, ಸೆಂಟ್ರಿಂಗ್ ಹಲಗೆ ಎಲ್ಲ ಒಳಗೇ ಉಳಿಯುತ್ತದೆ. ಗಟ್ಟಿಯಾದ ಮೇಲೆ ಅದು ಸಂದಿಯಾಗಿ ಉಳಿಯುವುದಿಲ್ಲ, ಬೆಣೆಯಾಗುತ್ತದೆ. ಥರ್ಮೊಕೋಲ್ ಹಾಳೆ ಇಟ್ಟು ಮೋಲ್ಡ್ ಹಾಕಿದರೆ ಈ ಕಾಟ ಇಲ್ಲ. ಏಟು ಬಿದ್ದರೆ ಅದು ಜಜ್ಜಿಹೋಗುತ್ತದೆ, ಬೆಣೆಯಾಗುವುದಿಲ್ಲ.

ಮಾಲೀಕರ ತಕರಾರು ಬೇರೆ. ಪಕ್ಕದವರು ಮೊದಲೇ ಗಡಿಗೆ ಒತ್ತಿ ಕಟ್ಟಿಬಿಟ್ಟಿದ್ದಾರೆ, ಅವರ ಪಾಲಿನ ಒಂದೂವರೆ ಇಂಚನ್ನೂ ನಾವೇ ಯಾಕೆ ಬಿಡಬೇಕು? ನ್ಯಾಯವಾದ ಪ್ರಶ್ನೆ. ಯುರೋಪಿನ ಸಂಹಿತೆ ಪ್ರತಿಯೊಬ್ಬರೂ ತಮ್ಮ ಕಟ್ಟಡ ಬಾಗುವಷ್ಟನ್ನು ಗಡಿರೇಖೆಯಿಂದ ಒಳಗೆ ಬಿಡಬೇಕು ಎಂದು ಇದನ್ನು ಬಗೆಹರಿಸಿದೆ. ನಮ್ಮಲ್ಲಿ ಎರಡನೆಯವರ ತಲೆಗೇ ಬೀಳುತ್ತದೆ. ಆದರೆ ಏಟಿಗೆ ಮೊದಲು ಕಟ್ಟಿದವರು ಯಾರು ಎಂಬುದು ಗೊತ್ತಿರುವುದಿಲ್ಲ, ಇಬ್ಬರ ಪಿಲ್ಲರಿಗೂ ಬೀಳುತ್ತದೆ.

ಎಂಜಿನಿಯರುಗಳಲ್ಲೂ ಒಮ್ಮತ ಇಲ್ಲ. ಎರಡು ಕಟ್ಟಡಗಳೂ ಒಂದೇ ಗಳಿಗೆಯಲ್ಲಿ ಎದುರುಬದುರಾಗಿ ಗರಿಷ್ಠ ಬಾಗುವುದು ಅಪರೂಪ, ಹಾಗಾಗಿ ಎರಡನ್ನೂ ನೇರ ಕೂಡಿಸುವುದು ಅತಿಯಾಯಿತು ಎನ್ನುವವರಿದ್ದಾರೆ. ಎರಡರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯುವ ವಿಧಾನ ಹಲವು ದೇಶಗಳಲ್ಲಿದೆ. ಮೇಲಿನ ಉದಾಹರಣೆಗೆ ಅದನ್ನು ಹಾಕಿದರೆ 75ರ ಬದಲು 54 ಮಿ.ಮೀ. ಸಾಕು. ಮಹಡಿಗಳು ಸಮಮಟ್ಟದಲ್ಲಿದ್ದರೆ ಯುರೋಪಿನವರು ಇನ್ನೂ ಶೇ 30 ಬಿಟ್ಟುಕೊಡುತ್ತಾರೆ. ಸಾಲಿನ ನಡುವಿನ ಒಂದೇ ಎತ್ತರದ ಕಟ್ಟಡಗಳಿಗೆ ಒತ್ತಿಕೊಂಡಿರುವುದೇ ಲಾಭ ಎಂಬ ಅಭಿಪ್ರಾಯವೂ ಇದೆ. ಇದೆಲ್ಲ ಎರಡು ಇಂಚೋ ಮೂರು ಇಂಚೋ ಎಂಬ ಜಗಳ. ಸೊನ್ನೆ ಇಂಚು ಸಾಕು, ಮೋಲ್ಡು ಪಿಲ್ಲರಿಗೆ ಹೊಡೆದರೂ ಪರವಾಗಿಲ್ಲ ಎಂದು ಅವರಲ್ಲಿ ಯಾರೂ ಹೇಳುವುದಿಲ್ಲ.

ಈಗಾಗಲೇ ಅಂಟಿಕೊಂಡಿದ್ದರೆ

ನಿಂತಿರುವ ಕಟ್ಟಡವನ್ನು ಸರಿಸಲಾಗದು. ಆದರೂ ಮಾಡುವುದಕ್ಕೆ ಕೆಲಸ ಇದೆ, ಅದರಲ್ಲಿ ಕೆಲವು ಅಗ್ಗದವು. ತಾರಸಿಯಲ್ಲಿ ಒಂದಕ್ಕೊಂದು ತಾಗಿದ ಸಜ್ಜಾ, ಪ್ಯಾರಾಪೆಟ್ ಅಂಚನ್ನು ಕೊರೆದು ಬಿಡಿಸಬಹುದು. ಸಂದಿಯಲ್ಲಿ ಗಟ್ಟಿಯಾದ ಗಾರೆಯನ್ನು ಕೆತ್ತಿ ತೆಗೆಯಬಹುದು. ಮೂಲೆಯಲ್ಲಿ ಗಡಿಗೆ ಒತ್ತಿಕೊಂಡಿರುವ ಸಾವಿರಾರು ಲೀಟರಿನ ನೀರಿನ ಟ್ಯಾಂಕನ್ನು ತಾರಸಿಯ ನಡುವಿನ ಪಿಲ್ಲರುಗಳ ಮೇಲಕ್ಕೆ ತಂದರೆ ತಲೆಯ ಬೀಸು ಕಡಿಮೆಯಾಗುತ್ತದೆ.

ದುಬಾರಿ ಕೆಲಸಗಳೂ ಇವೆ. ಒಂದು ಕಡೆಯ ಮೋಲ್ಡು ಇನ್ನೊಂದು ಕಡೆಯ ಪಿಲ್ಲರಿನ ನಡುವಿಗೆ ಬರುವ ಜಾಗ ಗುರುತಿಸಿ, ಆ ಪಿಲ್ಲರಿಗೆ ಸುತ್ತ ಕಂಬಿ ಕಟ್ಟಿ ಕಾಂಕ್ರೀಟಿನ ಕವಚ ಹಾಕುವುದು ಒಂದು. ಕೆಳಗೆ ಪಾರ್ಕಿಂಗ್‌ಗೆಂದು ಖಾಲಿ ಬಿಟ್ಟ ಕಟ್ಟಡವಾದರೆ ಅಲ್ಲಿ ಎರಡು ಮೂರು ಕಡೆ ಕಾಂಕ್ರೀಟಿನ ಗೋಡೆ ಎಬ್ಬಿಸಿ ಗಟ್ಟಿಮಾಡುವುದು ಇನ್ನೊಂದು. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಕೇಂದ್ರದಿಂದ 200 ಕಿ.ಮೀ.ಗೂ ದೂರದ ಅಹಮದಾಬಾದಿನಲ್ಲಿ ಬಿದ್ದ ಅಪಾರ್ಟ್‌ಮೆಂಟುಗಳಲ್ಲಿ ಹಲವು ಹೀಗೆ ಕೆಳಗೆ ಖಾಲಿ ಬಿಟ್ಟವೇ. ಗಟ್ಟಿ ಮಾಡಿದರೆ ಬಾಗುವುದು ಕಡಿಮೆ, ಬಾಗುವುದು ಕಡಿಮೆಯಾದರೆ ಡಿಕ್ಕಿಯೂ ಮೆತ್ತಗೆ. ಎರಡೂ ಕಟ್ಟಡ ಒಬ್ಬರದೇ ಆಗಿದ್ದು ಮಹಡಿಗಳು ಸಮಮಟ್ಟದಲ್ಲಿದ್ದರೆ ಎರಡನ್ನೂ ಸೇರಿಸಿ ಕಟ್ಟಿ ಒಂದೇ ಕಟ್ಟಡ ಮಾಡಬಹುದು. ಮಾಲೀಕರು ಬೇರೆಯಾದರೆ ಇದು ಕಾಗದದ ಮೇಲೆ ಮಾತ್ರ ಸಾಧ್ಯ. ಬೇರೆ ದೇಶಗಳಲ್ಲಿ ಸಂದಿಯಲ್ಲಿ ರಬ್ಬರ್ ದಿಂಬು, ಬೈಕಿನ ಶಾಕ್ ಅಬ್ಸಾರ್ಬರ್ ಥರದ ಉಪಕರಣ ಇಡುವುದೂ ಉಂಟು. ಆಸ್ಪತ್ರೆಯಂಥ ದೊಡ್ಡ ಕಟ್ಟಡಕ್ಕೆ ಸರಿ, ಮೂವತ್ತು ನಲವತ್ತರ ಮನೆಗೆ ಅದರ ಯೋಚನೆ ಬೇಡ.

ಮುಂದೇನಾಗಬಹುದು

ಹಳೇ ಪೇಟೆಯ ಸಾಲುಗಳು ತೀರಾ ಬದಲಾಗಲಾರವು. ಬದಲಾಗುವುದು ಊರಂಚಿನ ಹೊಸ ಬಡಾವಣೆಗಳು. ಅಲ್ಲಿ ಈಗ ಒಂದು ಮನೆ, ಎರಡು ಖಾಲಿ ಸೈಟು, ಮತ್ತೆ ಒಂದು ಮನೆ ಎಂಬಂತೆ ಇದೆ. ವಿನಾಯಿತಿಯ ಲಾಭ ಪಡೆದು ಕೆಳಗೆ ಪಾರ್ಕಿಂಗ್, ಮೇಲೆ ಮೂರು ಮಹಡಿ ಎನ್ನುವಂಥ ಮನೆಗಳು ಹೆಚ್ಚುತ್ತವೆ. ಇವು ಸಡಿಲ ಕಾಲಿನವು, ಜಾಸ್ತಿ ಬಾಗುವಂಥವು, ಅಂದರೆ ಜಾಸ್ತಿ ಸಂದಿ ಬೇಡುವಂಥವು. ಖಾಲಿ ಸೈಟು ತುಂಬುವವರೆಗೂ ತಪ್ಪು ಯಾರಿಗೂ ಕಾಣುವುದಿಲ್ಲ. ನಡುವಿನವರು ಕಟ್ಟಲು ಬಂದಾಗ ಎರಡೂ ಕಡೆಯ ಗೋಡೆ ಗಡಿಯ ಮೇಲೆಯೇ ನಿಂತಿರುತ್ತದೆ. ಒಂದು ಕಡೆಯ ಮಹಡಿ ಹತ್ತು ಅಡಿಗೆ, ಇನ್ನೊಂದು ಕಡೆಯದು ಹನ್ನೆರಡಕ್ಕೆ. ಆಗ ಯಾರ ಮಟ್ಟಕ್ಕೆ ತಮ್ಮ ಮೋಲ್ಡು ಹೊಂದಿಸಬೇಕು, ಯಾರ ಕಡೆ ಎಷ್ಟು ಸಂದಿ ಬಿಡಬೇಕು ಎಂದು ಅವರೇ ತೀರ್ಮಾನಿಸಬೇಕಾಗುತ್ತದೆ.

ಆ ತೀರ್ಮಾನ ಆಗುವ ದಿನ ಒಂದೇ. ಸುಣ್ಣ ಉದುರಿಸಿ, ದಾರ ಎಳೆದು, ಪಿಲ್ಲರ್ ಗುಂಡಿಗಳಿಗೆ ಗುರುತು ಹಾಕುವ ದಿನ. ಆವತ್ತು ಪೂಜೆಗೆ ಎಲ್ಲರೂ ಇರುತ್ತಾರೆ: ಮಾಲೀಕರು, ಮೇಸ್ತ್ರಿ, ಪುರೋಹಿತರು, ಹೆಚ್ಚಿನ ಸಲ ಪಕ್ಕದ ಮನೆಯವರೂ. ಕಟ್ಟಡದ ಲೆಕ್ಕ ಮಾಡಿದ ಎಂಜಿನಿಯರ್ ಮಾತ್ರ ಇರುವುದು ಕಡಿಮೆ.